ಮಂಗನಿಂದ ಮಾನವ? ದವಡೆ ಹಲ್ಲು ಬೇರೆಯೇ ಹೇಳುತ್ತದೆ

ಕನ್ನಡಿ ಮುಂದೆ ನಿಂತು ಬಾಯಿ ಚೆನ್ನಾಗಿ ತೆರೆಯಿರಿ. ಮೊಬೈಲ್ ಟಾರ್ಚ್ ಹಾಕಿಕೊಳ್ಳಿ. ಕೆಳಗಿನ ಸಾಲಲ್ಲಿ ನಡುವಿನಿಂದ ಎಣಿಸಿದರೆ ಆರನೆಯದು ಮೊದಲ ದೊಡ್ಡ ದವಡೆ ಹಲ್ಲು. ಅದಕ್ಕೆ ಫಿಲ್ಲಿಂಗ್ ಆಗಿಲ್ಲದಿದ್ದರೆ (ಅಂಥವರು ಕಡಿಮೆ, ನನಗೆ ಗೊತ್ತು) ಮೇಲೆ ಐದು ಉಬ್ಬು ಕಾಣುತ್ತವೆ. ಕೆನ್ನೆ ಕಡೆಗೆ ಮೂರು, ನಾಲಿಗೆ ಕಡೆಗೆ ಎರಡು. ಅವುಗಳ ಮಧ್ಯೆ ಹಾದುಹೋಗುವ ಗೆರೆ ನೋಡಿ. ನಾಲಿಗೆ ಕಡೆಯಿಂದ ಒಂದೇ ಗೆರೆಯಾಗಿ ಹೊರಟು, ನಡುವಿಗೆ ಬಂದು, ಕೆನ್ನೆ ಕಡೆಗೆ ಎರಡಾಗಿ ಕವಲೊಡೆಯುತ್ತದೆ. ಇಂಗ್ಲಿಷಿನ ವೈ ಅಕ್ಷರದ ಹಾಗೆ.

ನಾನು ಹಲ್ಲಿನ ಡಾಕ್ಟರು. ಈ ಗೆರೆಯಲ್ಲಿ ಹುಳುಕು ಹುಡುಕೋದೇ ನನ್ನ ದಿನದ ಕೆಲಸ. ಕಾಲೇಜಿನಲ್ಲಿ ಐದು ಉಬ್ಬುಗಳ ಹೆಸರನ್ನೂ ಬಾಯಿಪಾಠ ಮಾಡಿಸಿದ್ದರು. ಅದೇ ಗೆರೆ ಚಿಂಪಾಂಜಿ, ಗೊರಿಲ್ಲಾ, ಒರಾಂಗುಟಾನ್, ಗಿಬ್ಬನ್ ಬಾಯಲ್ಲೂ ಇದೆ, ಕೋತಿ ಬಾಯಲ್ಲಿ ಮಾತ್ರ ಇಲ್ಲ ಅನ್ನೋದನ್ನ ಯಾರೂ ಹೇಳಿಕೊಡಲಿಲ್ಲ. ಜೈವಿಕ ಮಾನವಶಾಸ್ತ್ರದ ಪುಸ್ತಕಗಳ ರುಚಿ ಹತ್ತಿದ ಮೇಲೆ ನಾನೇ ಓದಿ ತಿಳಿದದ್ದು ಇದು. ವಿಲಿಯಂ ಕಿಂಗ್ ಗ್ರೆಗರಿ ಎಂಬ ಪಳೆಯುಳಿಕೆ ತಜ್ಞ 1916ರಲ್ಲಿ ಈ ವಿನ್ಯಾಸವನ್ನು ಗುರುತಿಸಿ ಬರೆದ. ಹತ್ತು ವರ್ಷದ ನಂತರ ಅದರ ಮೇಲೆ ದೊಡ್ಡ ಅಧ್ಯಯನವನ್ನೇ ಮಾಡಿದಾಗ ಅವನ ಜೊತೆಗಿದ್ದವನು ಮಿಲೊ ಹೆಲ್‌ಮನ್. ಅವನು ಹಲ್ಲು ನೇರ ಮಾಡುವ ಆರ್ಥೊಡಾಂಟಿಸ್ಟ್! ನಮ್ಮವನೇ. ಈಗ ಇದಕ್ಕೆ ವೈ-5 ಅನ್ನುತ್ತಾರೆ.

ನನ್ನ ಕ್ಲಿನಿಕ್ಕಿನ ಶೆಲ್ಫಿನಲ್ಲಿ ಕೆಲವು ತಲೆಬುರುಡೆಯ ಅಚ್ಚುಗಳಿವೆ. ಅದನ್ನು ನೋಡಿದವರು ಕೇಳೋದು ಒಂದೇ ಪ್ರಶ್ನೆ. "ಡಾಕ್ಟ್ರೇ, ಮಂಗನಿಂದ ಮಾನವ ಆಗಿದ್ದು ನಿಜ ಆದ್ರೆ, ಈಗಿನ ಮಂಗ ಯಾಕೆ ಮನುಷ್ಯ ಆಗ್ತಿಲ್ಲ?" ಸಾಮಾನ್ಯವಾಗಿ ನಾನು ಅವರಿಗೆ ಬಾಯಿ ತೆರೆಯೋಕೆ ಹೇಳಿ ಆಮೇಲೆ ಉತ್ತರ ಶುರು ಮಾಡುತ್ತೇನೆ. ತಿರುಗಿ ವಾದ ಮಾಡೋಕೆ ಆಗಲ್ಲ, ಅದೊಂದು ಅನುಕೂಲ.

ಉತ್ತರ ಇಷ್ಟು. ಈಗಿನ ಕೋತಿಯಿಂದ ನಾವು ಬಂದಿಲ್ಲ. ನಮಗೂ ಕೋತಿಗೂ ಒಬ್ಬನೇ ಮುತ್ತಾತ ಇದ್ದ, ಮತ್ತು ದವಡೆ ಹಲ್ಲಿನ ಮಟ್ಟಿಗೆ ಆ ಮುತ್ತಾತನ ಹಾಗಿರೋದು ನಾವು. ಬದಲಾದದ್ದು ಕೋತಿ.

ಏಷ್ಯಾ ಮತ್ತು ಆಫ್ರಿಕಾದ ಕೋತಿಗಳ ದವಡೆ ಹಲ್ಲಲ್ಲಿ ನಾಲ್ಕು ಉಬ್ಬು. ಮುಂದಿನ ಎರಡನ್ನು ಜೋಡಿಸುವ ಒಂದು ಅಡ್ಡ ಏಣು, ಹಿಂದಿನ ಎರಡನ್ನು ಜೋಡಿಸುವ ಇನ್ನೊಂದು. ತೀರಾ ಹಿಂದಿನ ಕೆಳದವಡೆ ಹಲ್ಲಲ್ಲಿ ಸಾಮಾನ್ಯವಾಗಿ ಬಾಲದ ಹಾಗೆ ಐದನೆಯದೊಂದು ಇರುತ್ತದೆ, ಅದನ್ನು ಬಿಡಿ. ಮೇಲಿನ ಹಲ್ಲಿನ ಏಣುಗಳ ಮಧ್ಯದ ಕಣಿವೆಗೆ ಕೆಳಗಿನ ಏಣು ಬಂದು ಕೂರುತ್ತದೆ. ಎಲೆ ಕತ್ತರಿಸೋಕೆ ಹೇಳಿ ಮಾಡಿಸಿದ ಏರ್ಪಾಡು. ಎಲೆಯನ್ನೇ ಹೆಚ್ಚು ತಿನ್ನುವ ಲಂಗೂರ್‌ಗಳಲ್ಲಿ ಈ ಏಣು ಇನ್ನೂ ಎತ್ತರ, ಇನ್ನೂ ಚೂಪು.

ಯಾವುದು ಹಳೆಯದು ಅಂತ ಹೇಗೆ ಗೊತ್ತಾಯ್ತು? ಈಜಿಪ್ಟಿನ ಫಯೂಮ್ ಮರುಭೂಮಿಯಲ್ಲಿ ಸಿಕ್ಕ ಈಜಿಪ್ಟೊಪಿಥೆಕಸ್ ಸುಮಾರು 3 ಕೋಟಿ ವರ್ಷ ಹಿಂದಿನದು. ಕೋತಿಗಳೂ ಬಾಲವಿಲ್ಲದ ಏಪ್‌ಗಳೂ (ಚಿಂಪಾಂಜಿ, ಗೊರಿಲ್ಲಾ ಥರದವು) ಬೇರೆಯಾಗುವ ಮುಂಚಿನ ಪ್ರಾಣಿ. ನಾಲ್ಕು ಕಾಲಲ್ಲಿ ಕೊಂಬೆ ಮೇಲೆ ಓಡಾಡುತ್ತಿತ್ತು, ಮೈಯೆಲ್ಲ ಕೋತಿಯ ಥರ. ಹಲ್ಲು ಮಾತ್ರ ಏಪ್ ಥರ, ಕೆಳದವಡೆಯಲ್ಲಿ ಐದು ಉಬ್ಬು. ಎರಡು ಕವಲೂ ಬೇರೆಬೇರೆಯಾಗಿ ಕಾಣಿಸಿಕೊಳ್ಳೋದು ಸುಮಾರು 2.5 ಕೋಟಿ ವರ್ಷ ಹಿಂದೆ. ತಾಂಜಾನಿಯಾದ ರುಕ್ವಾ ಕಣಿವೆಯಲ್ಲಿ ಒಂದು ಏಪ್‌ನದೂ ಒಂದು ಕೋತಿಯದೂ ದವಡೆ ತುಣುಕು ಸಿಕ್ಕ ಸುದ್ದಿ 2013ರಲ್ಲಿ ಬಂತು.

ಆದರೆ ನನಗೆ ಇವೆರಡಕ್ಕಿಂತ ಇಷ್ಟವಾದ ಸಾಕ್ಷಿ ವಿಕ್ಟೋರಿಯಾಪಿಥೆಕಸ್. ಕೀನ್ಯಾದ ಮಾಬೊಕೊ ದ್ವೀಪದ್ದು, ಸುಮಾರು 1.5 ಕೋಟಿ ವರ್ಷ ಹಿಂದಿನ ಕೋತಿ. ಯಾಕೆ ಇಷ್ಟ ಅಂದರೆ, ನಮ್ಮ ಮೇಲಿನ ಮೊದಲ ದವಡೆ ಹಲ್ಲಲ್ಲಿ ಮೂಲೆಯಿಂದ ಮೂಲೆಗೆ ಓರೆಯಾಗಿ ಹೋಗುವ ಒಂದು ದಪ್ಪ ಏಣು ಇದೆ. ಹುಳುಕು ತೆಗೆಯುವಾಗ ಆದಷ್ಟು ಅದನ್ನು ಕೊರೆಯಬೇಡಿ, ಅದು ಹೋದರೆ ಹಲ್ಲಿನ ಬಲವೇ ಹೋಗುತ್ತೆ ಅಂತ ನಮಗೆ ತಲೆಗೆ ತುಂಬಿಸಿರುತ್ತಾರೆ. ಡ್ರಿಲ್ ಹಿಡಿದಾಗ ಈಗಲೂ ನಾನು ಅದರ ಎರಡೂ ಬದಿಗೆ ಸುತ್ತಿಕೊಂಡು ಹೋಗುತ್ತೇನೆ. ವಿಕ್ಟೋರಿಯಾಪಿಥೆಕಸ್‌ನ ಮೇಲಿನ ಹಲ್ಲುಗಳಲ್ಲಿ ಇದೇ ಓರೆ ಏಣು ಇನ್ನೂ ಉಳಿದಿತ್ತು. ಇಂದಿನ ಕೋತಿಗಳಲ್ಲಿ ಅದು ಪೂರ್ತಿ ಅಳಿಸಿಹೋಗಿದೆ. ಅಂದರೆ ಆ ಕಾಲಕ್ಕೆ ಕೋತಿಯ ಹಲ್ಲು ಇನ್ನೂ ಅರ್ಧ ದಾರಿಯಲ್ಲಿತ್ತು. ನಾವು ಆ ದಾರಿ ಹಿಡಿಯಲೇ ಇಲ್ಲ.

ಹಾಗಂತ ನಾವು ಹಳಬರು, ಕೋತಿ ಹೊಸಬ ಅಂತ ತೀರ್ಪು ಕೊಡೋಕೂ ಬರಲ್ಲ. ಮೆದುಳು, ನಡಿಗೆ, ಕೋರೆ ಹಲ್ಲಿನ ವಿಷಯಕ್ಕೆ ಬಂದರೆ ತುಂಬಾ ಬದಲಾದವರು ನಾವೇ. ಒಂದೇ ಮೈಯಲ್ಲಿ ಕೆಲವು ಹಳೆಯವು, ಕೆಲವು ಹೊಸವು. ಯಾವ ಪ್ರಾಣಿಯನ್ನು ತೆಗೆದುಕೊಂಡರೂ ಹಾಗೇ. ಬಗ್ಗಿದ ಮಂಗ ಹಂತಹಂತವಾಗಿ ಎದ್ದು ನೆಟ್ಟಗೆ ನಡೆಯುವ ಆ ಸಾಲು ಚಿತ್ರ ಇದೆಯಲ್ಲ, ಅದು ಈ ಕಾರಣಕ್ಕೇ ನನಗೆ ಆಗಲ್ಲ.

ಇನ್ನು ಎಣಿಕೆ. ಹಳೆಯ ಸಸ್ತನಿಗಳಿಗೆ 44 ಹಲ್ಲು. ಪ್ರತಿ ಕಾಲು ಭಾಗದಲ್ಲಿ ಮೂರು ಬಾಚಿ ಹಲ್ಲು, ಒಂದು ಕೋರೆ, ನಾಲ್ಕು ಮುಂದವಡೆ (ಕೋರೆಗೂ ದೊಡ್ಡ ದವಡೆ ಹಲ್ಲಿಗೂ ನಡುವಿನವು), ಮೂರು ದವಡೆ. ಪ್ರೈಮೇಟ್‌ಗಳು (ಕೋತಿ, ಏಪ್, ನಾವೆಲ್ಲ ಸೇರಿದ ಗುಂಪು) ಒಂದು ಬಾಚಿ ಹಲ್ಲನ್ನು ಶುರುವಲ್ಲೇ ಕಳೆದುಕೊಂಡವು, ಆಮೇಲೆ ಮುಂದವಡೆಗಳು ಒಂದೊಂದಾಗಿ ಹೋದವು. ದಕ್ಷಿಣ ಅಮೆರಿಕದ ಕೋತಿಗಳಲ್ಲಿ ಮೂರು ಮುಂದವಡೆ ಉಳಿದಿವೆ. ಆಫ್ರಿಕಾದಿಂದ ತೇಲುವ ಗಿಡಗಂಟಿಯ ರಾಶಿ ಮೇಲೆ ಸಾಗರ ದಾಟಿದವು ಅವು ಅನ್ನೋದು ಈಗ ಹೆಚ್ಚಿನವರು ಒಪ್ಪುವ ಮಾತು. ಏಷ್ಯಾ-ಆಫ್ರಿಕಾದ ಕೋತಿಗಳಿಗೆ, ಏಪ್‌ಗಳಿಗೆ, ನಮಗೆ ಎರಡೇ. ಹಾಗಾಗಿ ನಾವು ದಂತವೈದ್ಯರು ಮೊದಲನೇ ಮುಂದವಡೆ ಅಂತ ಬರೆಯೋದನ್ನ ಪಳೆಯುಳಿಕೆಯವರು ಮೂರನೆಯದು ಅಂತ ಬರೆಯುತ್ತಾರೆ. ಅವರ ಲೆಕ್ಕದಲ್ಲಿ ಮುಂದಿನ ಎರಡು ಕಾಣೆಯಾಗಿವೆ. ಆ ಬರಹಗಳನ್ನು ಓದುವಾಗ ಈಗಲೂ ನನಗೆ ಒಂದು ಕ್ಷಣ ತಡವರಿಸುತ್ತದೆ.

ಪ್ರೈಮೇಟ್ ಅಂದರೆ ಯಾರು ಅನ್ನೋದನ್ನೂ ಬೇಗ ಹೇಳಿ ಮುಗಿಸುತ್ತೇನೆ. ಲಿನೇಯಸ್ 1758ರಲ್ಲಿ ಈ ಗುಂಪಿಗೆ ಹೆಸರಿಟ್ಟ. ಇಂದು 500ಕ್ಕೂ ಹೆಚ್ಚು ಜಾತಿಗಳಿವೆ. ಹಿಡಿಯುವ ಕೈಕಾಲು, ಪಂಜದ ಬದಲು ಚಪ್ಪಟೆ ಉಗುರು, ಮುಂದಕ್ಕೆ ನೋಡುವ ಎರಡು ಕಣ್ಣು, ಕಣ್ಣಿನ ಹೊರಬದಿಗೆ ಎಲುಬಿನ ಕಟ್ಟು, ಮೈಗೆ ಹೋಲಿಸಿದರೆ ದೊಡ್ಡ ಮೆದುಳು, ನಿಧಾನವಾದ ಬಾಲ್ಯ. ಒಂದು ಕವಲಲ್ಲಿ ಲೀಮರ್, ಲೋರಿಸ್ (ನಾವು ಕಾಡುಪಾಪ ಅನ್ನೋದು) ಇವೆ, ಒದ್ದೆ ಮೂಗಿನವು. ಇನ್ನೊಂದರಲ್ಲಿ ಟಾರ್ಸಿಯರ್ (ದೊಡ್ಡ ಕಣ್ಣಿನ ಪುಟ್ಟ ಪ್ರಾಣಿ), ಕೋತಿ, ಏಪ್, ನಾವು.

ಲೀಮರ್ ಬಾಯಿ ನೋಡಿದರೆ ಹಲ್ಲಿನ ಡಾಕ್ಟರಿಗೆ ಖುಷಿ. ಕೆಳಗಿನ ನಾಲ್ಕು ಬಾಚಿ ಹಲ್ಲು, ಎರಡು ಕೋರೆ ಹಲ್ಲು, ಆರೂ ಸಣ್ಣಗೆ ಉದ್ದಕ್ಕೆ ಮುಂದಕ್ಕೆ ಮಲಗಿ ಬಾಚಣಿಗೆಯೇ ಆಗಿವೆ. ಅದರಿಂದ ಒಂದರ ತುಪ್ಪಳ ಒಂದು ಬಾಚುತ್ತವೆ. ಕೋರೆ ಹಲ್ಲು ಬಾಚಣಿಗೆ ಸೇರಿಬಿಟ್ಟದ್ದರಿಂದ ಅದರ ಜಾಗದಲ್ಲಿ ಮುಂದವಡೆಯೊಂದು ಚೂಪಾಗಿ ಕೋರೆಯ ವೇಷ ಹಾಕಿ ನಿಂತಿದೆ. ಸಂದಿಯಲ್ಲಿ ಕೂದಲು ಸಿಕ್ಕಿಕೊಳ್ಳಲ್ವಾ ಅಂದರೆ, ಸಿಕ್ಕಿಕೊಳ್ಳುತ್ತೆ. ಅದಕ್ಕೆ ನಾಲಿಗೆ ಕೆಳಗೆ ಇನ್ನೊಂದು ಪುಟ್ಟ ನಾಲಿಗೆಯಂಥದ್ದು ಇದೆ, ತುದಿ ಗರಗರವಾಗಿ. ಅದರಿಂದ ಸಂದಿಯೆಲ್ಲ ಉಜ್ಜಿ ತೆಗೆಯುತ್ತವೆ. ನನ್ನ ಪೇಷಂಟುಗಳಿಗೆ ಫ್ಲಾಸ್ ಮಾಡಿ ಅಂತ ಗೋಗರೆಯಬೇಕು.

ಇದೇ ಎರಡು ಕವಲಿನ ನಡುವಿನ ಇನ್ನೊಂದು ವ್ಯತ್ಯಾಸ ಒಸಡಲ್ಲಿ ಕಾಣುತ್ತದೆ. ವಿಟಮಿನ್ ಸಿ ತಿನ್ನದಿದ್ದರೆ ಸ್ಕರ್ವಿ ಬರುತ್ತದೆ, ಒಸಡು ಊದಿ ರಕ್ತ ಬರುತ್ತದೆ, ಹಲ್ಲು ಅಲುಗಾಡುತ್ತದೆ. ಬಹುಪಾಲು ಸಸ್ತನಿಗಳಿಗೆ ಈ ತಾಪತ್ರಯ ಇಲ್ಲ, ಮೈಯೇ ಅದನ್ನು ತಯಾರಿಸಿಕೊಳ್ಳುತ್ತದೆ. ಲೀಮರ್‌ಗಳೂ ತಯಾರಿಸಿಕೊಳ್ಳುತ್ತವೆ. ಟಾರ್ಸಿಯರ್, ಕೋತಿ, ಏಪ್, ಮನುಷ್ಯ ಇಷ್ಟೂ ಜನರಲ್ಲಿ ಅದಕ್ಕೆ ಬೇಕಾದ ಕೊನೆಯ ಕಿಣ್ವದ ಜೀನ್ ಕೆಟ್ಟುಕೂತಿದೆ. ಪ್ರತಿಯೊಂದು ಜಾತಿಯಲ್ಲೂ ಬೇರೆಬೇರೆಯಾಗಿ ಕೆಟ್ಟದ್ದಲ್ಲ. ಒಬ್ಬ ಮುತ್ತಾತನಲ್ಲಿ ಕೆಟ್ಟಿತು, ಹಣ್ಣು ಸೊಪ್ಪು ತಿಂದುಕೊಂಡಿದ್ದವನಿಗೆ ನಷ್ಟವೇನೂ ಆಗಲಿಲ್ಲ, ಹಾಗೇ ಎಲ್ಲರಿಗೂ ಪಿತ್ರಾರ್ಜಿತವಾಗಿ ಬಂತು.

ಕೋರೆ ಹಲ್ಲಿಗೆ ಬರೋಣ. ಗಂಡು ಬಬೂನಿನ ಅಚ್ಚನ್ನು ಕೈಯಲ್ಲಿ ಹಿಡಿದು ದವಡೆ ಮುಚ್ಚಿ ತೆರೆದು ಮಾಡಿದರೆ ಒಂದು ಯಂತ್ರ ಅರ್ಥವಾಗುತ್ತದೆ. ಮೇಲಿನ ಉದ್ದ ಕೋರೆಯ ಹಿಂಬದಿ ಪ್ರತಿ ಸಲ ಬಾಯಿ ಮುಚ್ಚಿದಾಗಲೂ ಕೆಳಗಿನ ಮೊದಲ ಮುಂದವಡೆಗೆ ಉಜ್ಜುತ್ತದೆ. ಅದು ಸಾಣೆಕಲ್ಲು. ತನ್ನಷ್ಟಕ್ಕೆ ಹರಿತವಾಗುವ ಚಾಕು. ಚಿಂಪಾಂಜಿಯಲ್ಲೂ ಇದಿದೆ. ನಮ್ಮ ಕವಲಲ್ಲಿ ಇದು ಬಹಳ ಬೇಗ ಹೋಯ್ತು. ಚಾಡ್ ದೇಶದಲ್ಲಿ 2001ರಲ್ಲಿ ಸಿಕ್ಕ, ಸುಮಾರು 70 ಲಕ್ಷ ವರ್ಷ ಹಿಂದಿನ ಸಹೆಲಾಂತ್ರೊಪಸ್‌ನ ಕೋರೆ ಆಗಲೇ ಚಿಕ್ಕದು, ಸವೆದಿರೋದು ತುದಿಯಲ್ಲಿ, ಹಿಂಬದಿಯಲ್ಲಲ್ಲ. ಇಥಿಯೋಪಿಯಾದ 44 ಲಕ್ಷ ವರ್ಷ ಹಿಂದಿನ ಆರ್ಡಿಪಿಥೆಕಸ್‌ನಲ್ಲಿ ಗಂಡು-ಹೆಣ್ಣಿನ ಕೋರೆಗೆ ಹೆಚ್ಚು ವ್ಯತ್ಯಾಸವೇ ಇಲ್ಲ. ಮೆದುಳು ದೊಡ್ಡದಾಗೋಕೆ ಇನ್ನೂ ಇಪ್ಪತ್ತು ಲಕ್ಷ ವರ್ಷಕ್ಕೂ ಮೇಲೆ ಬಾಕಿ ಇತ್ತು.

ಮೊದಲು ಮೆದುಳು ಬೆಳೆಯಿತು, ಮಿಕ್ಕಿದ್ದೆಲ್ಲ ಆಮೇಲೆ ಅಂತ ನೂರು ವರ್ಷದ ಹಿಂದೆ ದೊಡ್ಡದೊಡ್ಡವರೇ ನಂಬಿದ್ದರು. ಆ ನಂಬಿಕೆಗೆ ತಕ್ಕ ಹಾಗೆ 1912ರಲ್ಲಿ ಇಂಗ್ಲೆಂಡಿನಲ್ಲಿ ಪಿಲ್ಟ್‌ಡೌನ್ ಮನುಷ್ಯ ಹಾಜರಾದ. ಮನುಷ್ಯನ ಬುರುಡೆ, ಏಪ್‌ನ ದವಡೆ. ಅಸಲಿಗೆ ಅದು ಒರಾಂಗುಟಾನ್ ದವಡೆ. ಮನುಷ್ಯನ ಹಲ್ಲಿನ ಥರ ಚಪ್ಪಟೆ ಸವೆದಂತೆ ಕಾಣಲಿ ಅಂತ ದವಡೆ ಹಲ್ಲುಗಳನ್ನು ಅರ ಹಾಕಿ ಉಜ್ಜಿದ್ದರು. ಎಲ್ಲಕ್ಕೂ ಹಳೆಯದರ ಬಣ್ಣ ಹಚ್ಚಿದ್ದರು. ಬಯಲಾದದ್ದು 1953ರಲ್ಲಿ. ಸೂಕ್ಷ್ಮದರ್ಶಕದಲ್ಲಿ ಅರದ ಗೀರು ಕಂಡವು. ಅಕ್ಕಪಕ್ಕದ ಎರಡು ಹಲ್ಲುಗಳ ಸವೆತ ಒಂದೇ ಮಟ್ಟದಲ್ಲಿರಲಿಲ್ಲ. ನಿಜವಾಗಿ ಅಗಿದ ಬಾಯಲ್ಲಿ ಸವೆತ ಒಂದರಿಂದ ಇನ್ನೊಂದಕ್ಕೆ ಹೊಂದಿಕೊಂಡು ಹೋಗುತ್ತದೆ. ನಲವತ್ತು ವರ್ಷ ಯಾರಿಗೂ ಅನುಮಾನ ಬರಲಿಲ್ಲ ಅಂತಲ್ಲ. ಆಲ್ವನ್ ಮಾರ್ಸ್ಟನ್ ಅನ್ನುವವರು ಈ ದವಡೆ, ಈ ಕೋರೆ ಹಲ್ಲು ಏಪ್‌ನದು, ಈ ಬುರುಡೆಗೆ ಸೇರಿದ್ದಲ್ಲ ಅಂತ ಹಠ ಹಿಡಿದು ವಾದಿಸಿದ್ದರು. ಅವರ ಕಸುಬು ಏನು ಗೊತ್ತಾ? ದಂತವೈದ್ಯರು. ಇದನ್ನು ನಾನು ಬೇಕಂತಲೇ ಎಲ್ಲರಿಗೂ ಹೇಳುತ್ತಿರುತ್ತೇನೆ.

ಪಿಲ್ಟ್‌ಡೌನ್ ಮಾಡಿದ ಹಾನಿ ಸಣ್ಣದಲ್ಲ. 1924ರಲ್ಲಿ ದಕ್ಷಿಣ ಆಫ್ರಿಕಾದ ಟೌಂಗ್ ಎಂಬಲ್ಲಿ ಸುಣ್ಣದಕಲ್ಲಿನ ಗಣಿಯಿಂದ ಒಂದು ಮಗುವಿನ ಮುಖದ ಪಳೆಯುಳಿಕೆ ರೇಮಂಡ್ ಡಾರ್ಟ್ ಕೈ ಸೇರಿತು. ಮೆದುಳು ಸಣ್ಣದು, ಆದರೆ ಹಾಲುಹಲ್ಲಿನ ಕೋರೆ ಪುಟ್ಟದು. ಬೆನ್ನುಹುರಿ ಹೊರಬರುವ ರಂಧ್ರ ಬುರುಡೆಯ ಅಡಿಯಲ್ಲಿ ಮುಂದಕ್ಕಿದೆ, ಅಂದರೆ ನೆಟ್ಟಗೆ ನಡೆಯುತ್ತಿದ್ದ ಪ್ರಾಣಿ. ಡಾರ್ಟ್ 1925ರಲ್ಲಿ ಅದಕ್ಕೆ ಆಸ್ಟ್ರಲೋಪಿಥೆಕಸ್ ಆಫ್ರಿಕಾನಸ್ ಅಂತ ಹೆಸರಿಟ್ಟು ಪ್ರಕಟಿಸಿದಾಗ ಲಂಡನ್ನಿನ ಪಂಡಿತರು ಮೂಗು ಮುರಿದರು. ಪಿಲ್ಟ್‌ಡೌನ್ ಹೇಳೋದಕ್ಕೆ ಇದು ತದ್ವಿರುದ್ಧ ಅಲ್ವಾ.

ಟೌಂಗ್ ಮಗುವಿನ ಬಾಯಲ್ಲಿ ಹಾಲುಹಲ್ಲೆಲ್ಲ ಇದ್ದವು, ಅವುಗಳ ಹಿಂದೆ ಮೊದಲ ಶಾಶ್ವತ ದವಡೆ ಹಲ್ಲು ಆಗತಾನೆ ಬರುತ್ತಿತ್ತು. ನೀವು ಕನ್ನಡಿಯಲ್ಲಿ ನೋಡಿದ ಅದೇ ಆರನೇ ಹಲ್ಲು. ನಮ್ಮ ಮಕ್ಕಳಿಗೆ ಇದು ಆರು ವರ್ಷಕ್ಕೆ ಬರುತ್ತದೆ. ಯಾವ ಹಲ್ಲೂ ಬೀಳದೆ ಹಿಂದಿನಿಂದ ಸದ್ದಿಲ್ಲದೆ ಬರೋದರಿಂದ ಅಪ್ಪ ಅಮ್ಮಂದಿರು ಹಾಲುಹಲ್ಲು ಅಂದುಕೊಂಡು ಬಿಟ್ಟುಬಿಡುತ್ತಾರೆ. "ಬಿದ್ದುಹೋಗೋ ಹಲ್ಲಿಗೆ ಯಾಕೆ ಫಿಲ್ಲಿಂಗ್?" ಅಂತ ಕೇಳಿಸಿಕೊಳ್ಳದ ವಾರವಿಲ್ಲ. ಡಾರ್ಟ್ ಕಾಲದಲ್ಲಿ ನಮ್ಮ ಲೆಕ್ಕವನ್ನೇ ಹಾಕಿ ಟೌಂಗ್ ಮಗುವಿಗೂ ಸುಮಾರು ಆರು ವರ್ಷ ಅಂದರು.

ಆದರೆ ಎನಾಮಲ್, ಅಂದರೆ ಹಲ್ಲಿನ ಗಟ್ಟಿ ಹೊರಪದರ, ತನ್ನೊಳಗೇ ದಿನಚರಿ ಇಟ್ಟುಕೊಂಡಿರುತ್ತದೆ. ಹಲ್ಲು ಒಸಡಿನೊಳಗೆ ಬೆಳೆಯುವಾಗ ದಿನಕ್ಕೊಂದು ತೆಳು ಗೆರೆ ಮೂಡುತ್ತದೆ. ನಮ್ಮಲ್ಲಿ ಸುಮಾರು ಎಂಟು ದಿನಕ್ಕೊಂದು ದಪ್ಪ ಗೆರೆ. ಈ ದಪ್ಪ ಗೆರೆಗಳು ಹಲ್ಲಿನ ಹೊರಮೈಗೆ ಬಂದು ಸೇರುವಲ್ಲಿ ಸಣ್ಣ ಅಲೆಗಳಾಗುತ್ತವೆ. ಏಳೆಂಟು ವರ್ಷದ ಮಗುವಿನ ಹೊಸ ಮುಂಭಾಗದ ಹಲ್ಲನ್ನು ಒಣಗಿಸಿ, ಲೈಟನ್ನು ಓರೆಯಾಗಿ ತಿರುಗಿಸಿ, ಲೂಪ್ (ಕಣ್ಣಿಗೆ ಹಾಕುವ ಭೂತಗನ್ನಡಿ) ಹಾಕಿಕೊಂಡು ನೋಡಿದರೆ ನನಗೆ ಅವು ಕಾಣುತ್ತವೆ. ಒಂದರ ಕೆಳಗೊಂದು, ಒಸಡಿನ ಹತ್ತಿರ ಬಂದಷ್ಟೂ ಒತ್ತೊತ್ತಾಗಿ. ಹತ್ತಾರು ವರ್ಷ ಬ್ರಷ್ ಮಾಡಿದ ಮೇಲೆ ಸವೆದುಹೋಗುತ್ತವೆ. ಹುಟ್ಟಿದ ದಿನದ್ದೂ ಒಂದು ಗುರುತಿದೆ. ಹಾಲುಹಲ್ಲಿನ ಒಳಗೆ, ಎಷ್ಟೋ ಸಲ ಈ ಮೊದಲ ದವಡೆ ಹಲ್ಲಿನ ಒಳಗೂ, ಹೆರಿಗೆಯ ಹೊತ್ತಿನ ಏರುಪೇರು ಒಂದು ಕಪ್ಪು ಗೆರೆಯಾಗಿ ಉಳಿದಿರುತ್ತದೆ. ಚಿಕ್ಕಂದಿನಲ್ಲಿ ದೊಡ್ಡ ಕಾಯಿಲೆಯೋ ಹಸಿವೋ ಆಗಿದ್ದರೆ ಅದೂ ಹೊರಮೈ ಮೇಲೆ ಅಡ್ಡ ಗುಳಿಯಾಗಿ ಕಾಣುತ್ತದೆ.

ಟಿಮ್ ಬ್ರೊಮೇಜ್ ಮತ್ತು ಕ್ರಿಸ್ಟೊಫರ್ ಡೀನ್ 1985ರಲ್ಲಿ ಟೌಂಗ್ ಮಗುವಿನ ಹಾಗೇ ಎಳೆ ವಯಸ್ಸಿನಲ್ಲಿ ಸತ್ತ ಹಲವು ಪಳೆಯುಳಿಕೆಗಳ ಮುಂಭಾಗದ ಹಲ್ಲಿನ ಅಲೆಗಳನ್ನು ಎಣಿಸಿದರು. ನಮ್ಮ ಲೆಕ್ಕದಲ್ಲಿ ಹೇಳಿದ್ದ ವಯಸ್ಸು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಟೌಂಗ್ ಮಗುವಿಗೂ ಈಗ ಮೂರು-ನಾಲ್ಕು ವರ್ಷ ಅನ್ನುತ್ತಾರೆ. ಚಿಂಪಾಂಜಿಗೆ ಈ ಹಲ್ಲು ಬರೋದು ಆ ವಯಸ್ಸಿಗೇ. ರೀಸಸ್ ಕೋತಿಗೆ ಇನ್ನೂ ಬೇಗ, ಒಂದೂವರೆ ವರ್ಷದೊಳಗೆ. ಪ್ರೈಮೇಟ್‌ಗಳಲ್ಲಿ ಮೊದಲ ದವಡೆ ಹಲ್ಲು ಬರುವ ವಯಸ್ಸಿಗೂ ಮೆದುಳಿನ ಗಾತ್ರಕ್ಕೂ ಗಟ್ಟಿ ನಂಟು ಇದೆ ಅಂತ ಮಾನವಶಾಸ್ತ್ರಜ್ಞೆ ಹಾಲಿ ಸ್ಮಿತ್ 1989ರಲ್ಲಿ ತೋರಿಸಿದರು. ಅಂದರೆ ಆಸ್ಟ್ರಲೋಪಿಥೆಕಸ್ ಎರಡು ಕಾಲಲ್ಲಿ ನಡೆದರೂ ಬಾಲ್ಯ ಏಪ್‌ನಷ್ಟೇ ಚಿಕ್ಕದು. ವರ್ಷಗಟ್ಟಲೆ ಬೇರೆಯವರ ಮೇಲೆ ಅವಲಂಬಿಸಿ ಕಲಿಯುವ ನಮ್ಮ ಈ ಉದ್ದ ಬಾಲ್ಯ ತುಂಬಾ ಆಮೇಲೆ ಬಂದದ್ದು.

ಹಲ್ಲನ್ನು ಇಷ್ಟು ಹೊಗಳಿ ಅದು ಮೋಸ ಮಾಡಿದ್ದನ್ನು ಹೇಳದಿದ್ದರೆ ತಪ್ಪಾಗುತ್ತೆ. ಶಿವಾಲಿಕ್ ಬೆಟ್ಟಗಳಲ್ಲಿ 1932ರಲ್ಲಿ ಎಡ್ವರ್ಡ್ ಲೂಯಿಸ್‌ಗೆ ಒಂದು ಮೇಲ್ದವಡೆ ತುಣುಕು ಸಿಕ್ಕಿತು. ರಾಮಪಿಥೆಕಸ್ ಅಂತ ಹೆಸರಾಯ್ತು. ಎನಾಮಲ್ ದಪ್ಪ, ಕೋರೆ ಸಣ್ಣದಿದ್ದಂತೆ ತೋರಿತು. ಸಿಕ್ಕಷ್ಟು ತುಣುಕನ್ನು ಕನ್ನಡಿ ಪ್ರತಿಬಿಂಬದಂತೆ ಜೋಡಿಸಿ ಮನುಷ್ಯನ ದವಡೆಯ ಕಮಾನು ಬರುವ ಹಾಗೆ ಮಾಡಿಕೊಂಡು, 1960ರ ದಶಕದಲ್ಲಿ ಎಲ್ವಿನ್ ಸೈಮನ್ಸ್ ಮತ್ತು ಡೇವಿಡ್ ಪಿಲ್‌ಬೀಮ್ ಇದೇ ಮನುಷ್ಯ ಕವಲಿನ ಮೊದಲಿಗ ಅಂದರು. ಕಾಲ, ಒಂದು ಕೋಟಿ ವರ್ಷಕ್ಕೂ ಹಿಂದೆ. ವಿನ್ಸೆಂಟ್ ಸಾರಿಚ್, ಆಲನ್ ವಿಲ್ಸನ್ ಇಬ್ಬರೂ 1967ರಲ್ಲಿ ರಕ್ತದ ಪ್ರೊಟೀನ್ ಹೋಲಿಸಿ, ಸಾಧ್ಯವಿಲ್ಲ, ನಾವೂ ಚಿಂಪಾಂಜಿಯೂ ಬೇರೆಯಾಗಿ ಸುಮಾರು 50 ಲಕ್ಷ ವರ್ಷ ಅಷ್ಟೇ ಅಂದರು. ಎಲುಬಿನವರು ರಕ್ತದವರನ್ನು ನಂಬಲಿಲ್ಲ. ಕೊನೆಗೆ ಪಿಲ್‌ಬೀಮ್ ತಂಡಕ್ಕೇ ಪಾಕಿಸ್ತಾನದ ಪೊಟ್ವಾರ್ ಪ್ರದೇಶದಲ್ಲಿ ಶಿವಪಿಥೆಕಸ್ ಎಂಬ ಹಳೆಯ ಏಪ್‌ನ ಮುಖ ಸಿಕ್ಕಿತು, 1982ರಲ್ಲಿ ಪ್ರಕಟವಾಯ್ತು. ಉದ್ದುದ್ದ ಕಣ್ಣಿನ ಗುಳಿ, ಒಳಗೆ ಬಾಗಿದ ಮುಖ, ಒರಾಂಗುಟಾನನ್ನೇ ನೋಡಿದ ಹಾಗೆ. ರಾಮಪಿಥೆಕಸ್ ಅನ್ನೋದು ಶಿವಪಿಥೆಕಸ್ಸೇ ಅಂತ ಆಯ್ತು. ದಪ್ಪ ಎನಾಮಲ್ ಗಟ್ಟಿ ಪದಾರ್ಥ ತಿನ್ನುವ ಯಾರಿಗೆ ಬೇಕಾದರೂ ಬರಬಹುದು. ನೆಂಟಸ್ತಿಕೆಗೆ ಅದೊಂದೇ ಸಾಲದು.

ಇದೇ ಎಚ್ಚರಿಕೆ ಮನುಷ್ಯರನ್ನು ವಿಂಗಡಿಸುವಾಗಲೂ ಬೇಕು. ಕೆಲವರ ಮೇಲಿನ ಬಾಚಿ ಹಲ್ಲಿನ ಹಿಂಬದಿ ಎರಡೂ ಅಂಚು ಎದ್ದು ನಡುವೆ ಗುಳಿಯಾಗಿರುತ್ತದೆ. ಪೂರ್ವ ಏಷ್ಯಾ ಮತ್ತು ಅಮೆರಿಕದ ಮೂಲನಿವಾಸಿಗಳಲ್ಲಿ ಇದು ಜಾಸ್ತಿ. ಅಲೆಶ್ ಹ್ರ್‌ಡ್ಲಿಚ್ಕಾ 1920ರಲ್ಲೇ ಬರೆದಿದ್ದ. ಎಷ್ಟೋ ಕಾಲ ಇದನ್ನು ಜನಾಂಗದ ಮುದ್ರೆ ಅಂತಲೇ ಬಳಸಿದರು. ಈಗ ಗೊತ್ತಿರೋದು, ಇದರ ಹಿಂದೆ ಮುಖ್ಯವಾಗಿ ಇಡಾರ್ ಎಂಬ ಜೀನಿನ ಒಂದು ರೂಪ ಇದೆ, ಅದೇ ಕೂದಲನ್ನೂ ದಪ್ಪ ಮಾಡುತ್ತದೆ. ಇನ್ನು ನಿಯಾಂಡರ್ತಲ್‌ಗಳ ಬಾಚಿ ಹಲ್ಲಲ್ಲೂ ಆ ಗುಳಿ ಜೋರಾಗಿಯೇ ಇತ್ತು. ಅವರನ್ನು ಯಾವ ಪೆಟ್ಟಿಗೆಗೆ ಹಾಕೋದು? ರಿಚರ್ಡ್ ಲೆವಾಂಟಿನ್ 1972ರಲ್ಲಿ ಲೆಕ್ಕ ಹಾಕಿದಾಗ ಮನುಷ್ಯರ ಜೈವಿಕ ವ್ಯತ್ಯಾಸದ ಸುಮಾರು 85 ಶೇಕಡಾ ಒಂದೊಂದು ಜನಸಮುದಾಯದ ಒಳಗೇ ಸಿಕ್ಕಿತು. ಬುರುಡೆ ಅಳೆದು ಜನಾಂಗ ಮಾಡುತ್ತಿದ್ದ ಹಳೆಯ ಶಾಸ್ತ್ರ ಬಿದ್ದುಹೋದದ್ದು ಒಳ್ಳೆಯದೇ ಆಯ್ತು. ಬೀಳೋಕೆ ಅಷ್ಟು ಕಾಲ ತೆಗೆದುಕೊಂಡದ್ದು ಮಾತ್ರ ನಾಚಿಕೆಗೇಡು.

ಕೊನೆಗೆ ಎಲ್ಲರೂ ಕೇಳುವ ವಿಸ್ಡಮ್ ಟೂತ್. "ವಿಕಾಸದಲ್ಲಿ ಅದು ಹೋಗ್ತಾ ಇದೆ, ಅದಕ್ಕೇ ಜಾಗ ಇಲ್ಲ, ಅಲ್ವಾ ಡಾಕ್ಟ್ರೇ?" ಪೂರ್ತಿ ಅಲ್ಲ. ಸುಮಾರು ಐವರಲ್ಲಿ ಒಬ್ಬರಿಗೆ ಒಂದಾದರೂ ವಿಸ್ಡಮ್ ಟೂತ್ ಹುಟ್ಟೋದೇ ಇಲ್ಲ, ಅದರಲ್ಲಿ ಜೀನಿನ ಪಾಲಿದೆ. ಆದರೆ ಅಡ್ಡಕ್ಕೆ ಸಿಕ್ಕಿಕೊಳ್ಳೋದರಲ್ಲಿ ದೊಡ್ಡ ಪಾಲು ಬೆಳವಣಿಗೆಯದು. ಹಲ್ಲಿನ ಗಾತ್ರ ಎನಾಮಲ್ ಕಟ್ಟುವಾಗಲೇ ನಿಗದಿಯಾಗಿಬಿಡುತ್ತದೆ. ದವಡೆ ಎಲುಬು ಹಾಗಲ್ಲ, ಬಾಲ್ಯದಲ್ಲಿ ಎಷ್ಟು ಜೋರಾಗಿ ಅಗಿದರೆ ಅದಕ್ಕೆ ತಕ್ಕಷ್ಟು ಬೆಳೆಯುತ್ತದೆ. ಬೇಟೆಯಾಡಿ ಗೆಡ್ಡೆ ಅಗೆದು ತಿನ್ನುತ್ತಿದ್ದವರ ಬುರುಡೆಗಳಲ್ಲಿ ಮೂರನೇ ದವಡೆ ಹಲ್ಲು (ಅದೇ ವಿಸ್ಡಮ್ ಟೂತ್) ಸಾಮಾನ್ಯವಾಗಿ ಆರಾಮಾಗಿ ಸಾಲಿನಲ್ಲಿ ಕೂತಿರುತ್ತದೆ. ಡೇನಿಯಲ್ ಲೀಬರ್‌ಮನ್ ತಂಡ 2004ರಲ್ಲಿ ಹೈರಾಕ್ಸ್ ಎಂಬ ಮೊಲದ ಗಾತ್ರದ ಪ್ರಾಣಿಗಳಿಗೆ ಮೆತ್ತಗೆ ಬೇಯಿಸಿದ್ದನ್ನೇ ತಿನ್ನಿಸಿ ಬೆಳೆಸಿತು. ಹಸಿಯದನ್ನು ತಿಂದವುಗಳಿಗಿಂತ ಅವುಗಳ ಮುಖದ ಕೆಳಭಾಗ ಚಿಕ್ಕದಾಯ್ತು. ಒಂದೇ ತಲೆಮಾರಿನಲ್ಲಿ, ಒಂದು ಜೀನೂ ಬದಲಾಗದೆ.

ಇದನ್ನು ಕೇಳಿ ಕೆಲವರು ಮಾರನೇ ದಿನದಿಂದಲೇ ಗಟ್ಟಿ ಪದಾರ್ಥ ಅಗಿಯೋಕೆ ಶುರು ಮಾಡುತ್ತಾರೆ. ಇಪ್ಪತ್ತೈದು ವರ್ಷಕ್ಕೆ ದವಡೆಯ ಬೆಳವಣಿಗೆ ಮುಗಿದಿರುತ್ತದೆ. ಹಲ್ಲು ಅಡ್ಡ ಬಂದು ಊದಿಕೊಂಡಿದ್ದರೆ ಅಗಿದು ನೆಟ್ಟಗೆ ಮಾಡೋಕೆ ಆಗಲ್ಲ. ಎಕ್ಸ್‌ರೇ ತೆಗೆಸಿಕೊಂಡು ಬನ್ನಿ.